ಗಿಟಾರ್ ಐದು, ನುಡಿಸುವವರು ಇಬ್ಬರು

ಪ್ರಶ್ನೆ: ಸರ್, ನಾವು ಕಾರವಾರ ಕೋಡಿಬಾಗದ ನಾಲ್ವರು ಗೆಳೆಯರು. ನನ್ನದು ಎಲೆಕ್ಟ್ರಿಕ್ ಗಿಟಾರ್, ಇನ್ನೊಬ್ಬನದು ಸೆಮಿ ಅಕೌಸ್ಟಿಕ್, ಮತ್ತೊಬ್ಬ ಬಾಸ್, ನಾಲ್ಕನೆಯವನು ಕಹೋನ್ (ಮೇಲೆ ಕೂತು ಕೈಯಿಂದ ಬಾರಿಸುವ ಮರದ ಪೆಟ್ಟಿಗೆ) ಬಾರಿಸುತ್ತ ಹಾಡುತ್ತಾನೆ. ಡಿಸೆಂಬರ್‌ನಲ್ಲಿ ಒಂದು ಕಾರ್ಯಕ್ರಮವಿದೆ. ಅದರಲ್ಲಿ ಅಮೆರಿಕದ ಈಗಲ್ಸ್ ತಂಡದ ‘ಹೋಟೆಲ್ ಕ್ಯಾಲಿಫೋರ್ನಿಯಾ’ವನ್ನು ಪೂರ್ತಿ, ಕೊನೆಯ ಜೋಡಿ ಗಿಟಾರ್ ಸಮೇತ ನುಡಿಸಬೇಕೆಂಬ ಆಸೆ. ಟ್ಯಾಬ್ ತೆಗೆದು ನೋಡಿದರೆ ಗಿಟಾರ್ ಒಂದು, ಎರಡು, ಮೂರು ಎಂದು ಐದರವರೆಗೆ ಇದೆ. ನಾವಿಬ್ಬರೇ. ಯಾವುದನ್ನು ಕಲಿಯುವುದು, ಯಾವುದನ್ನು ಬಿಡುವುದು? ಹನ್ನೆರಡು ತಂತಿಯ ಗಿಟಾರ್ ನಮ್ಮಲ್ಲಿಲ್ಲ. ಸೋಲೋ ಬರುವಷ್ಟರಲ್ಲಿ ಎಲ್ಲಿದ್ದೇವೆ ಎಂಬುದೇ ಇಬ್ಬರಿಗೂ ತಿಳಿಯುವುದಿಲ್ಲ. ದಯವಿಟ್ಟು ದಾರಿ ತೋರಿಸಿ.

ಉತ್ತರ: ಮೊದಲು ಆ ಟ್ಯಾಬ್ ಹಾಳೆಗಳನ್ನು ಮಡಚಿ ಕಪಾಟಿನಲ್ಲಿಡಿ. ಒಂದು ವಾರ ತೆಗೆಯಬೇಡಿ. ಟ್ಯಾಬ್ ಕೆಟ್ಟದ್ದು ಎಂದಲ್ಲ. ಯಾವ ತಂತಿಯ ಯಾವ ಫ್ರೆಟ್ ಒತ್ತಬೇಕು ಎಂಬುದನ್ನು ಅದು ಹೇಳುತ್ತದೆ, ಆದರೆ ಐದು ಗಿಟಾರ್‌ಗಳಲ್ಲಿ ಹಾಡನ್ನು ಹೊತ್ತು ನಿಂತದ್ದು ಯಾವುದು, ಬರೀ ಬಣ್ಣ ಹಚ್ಚುವುದು ಯಾವುದು ಎಂದು ಹೇಳುವುದಿಲ್ಲ. ಅದಕ್ಕೇ ನೀವು ಐದನ್ನೂ ಬೇರೆ ಬೇರೆ ಹಾಡಿನ ಹಾಗೆ ಬಾಯಿಪಾಠ ಮಾಡಲು ಹೊರಟಿದ್ದೀರಿ. ಆರೂವರೆ ನಿಮಿಷದ ಐದು ಭಾಗ ಎಂದರೆ ಅರ್ಧ ಗಂಟೆಗೂ ಮಿಕ್ಕಿದ ಸಂಗೀತ. ಅಷ್ಟನ್ನು ತಲೆಯಲ್ಲಿ ಇಟ್ಟುಕೊಂಡು ವೇದಿಕೆ ಹತ್ತಿದರೆ ಯಾರಾದರೂ ದಾರಿ ತಪ್ಪುತ್ತಾರೆ.

ಈ ಹಾಡು ಉದ್ದ ಕಾಣುತ್ತದೆಯೇ ಹೊರತು ಅದರ ಒಳಗಿರುವುದು ಒಂದು ಸಣ್ಣ ಆವರ್ತನ. ಎಣಿಸಿ ನೋಡಿ. ಲಯ ನಿಮಿಷಕ್ಕೆ ಸುಮಾರು 74 ಬೀಟ್. ನಾಲ್ಕು ಬೀಟಿಗೆ ಒಂದು ಬಾರ್, ಎಂಟು ಬಾರ್‌ಗೆ ಒಂದು ಆವರ್ತನ. ಒಂದು ಆವರ್ತನ ತಿರುಗಿ ಬರಲು ಸುಮಾರು 26 ಸೆಕೆಂಡ್ ಬೇಕು. ಶುರುವಿನ ಗಿಟಾರ್ ಎರಡು ಆವರ್ತನ, ಮೊದಲ ಚರಣ ಎರಡು, ಕೋರಸ್ ಒಂದು, ಎರಡನೇ ಚರಣ ಎರಡು, ಮತ್ತೆ ಕೋರಸ್ ಒಂದು, ಮೂರನೇ ಚರಣ ಎರಡು. ಇಲ್ಲಿಗೆ ಹತ್ತಾಯಿತು, ಗಡಿಯಾರದಲ್ಲಿ ಸುಮಾರು ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡ್. ಸೋಲೋ ಹುಟ್ಟುವುದು ಅಲ್ಲಿಯೇ. ಅದಕ್ಕೆ ಐದು ಆವರ್ತನ. ಒಟ್ಟು ಹದಿನೈದು, ಅಲ್ಲಿಗೆ ಆರೂವರೆ ನಿಮಿಷ ಮುಗಿಯಿತು. ಇಷ್ಟು ಲೆಕ್ಕ ನಾಲ್ವರ ತಲೆಯಲ್ಲೂ ಇದ್ದರೆ ಅರ್ಧ ಗಾಬರಿ ಇಳಿಯುತ್ತದೆ.

ಆವರ್ತನದ ಎಂಟು ಬಾರ್‌ಗೆ ಎಂಟು ಕಾರ್ಡ್: ಬಿ ಮೈನರ್, ಎಫ್ ಶಾರ್ಪ್, ಎ, ಇ, ಜಿ, ಡಿ, ಇ ಮೈನರ್, ಮತ್ತೆ ಎಫ್ ಶಾರ್ಪ್. ಚರಣಕ್ಕೂ ಇದೇ, ಶುರುವಿಗೂ ಇದೇ, ಸೋಲೋಗೂ ಇದೇ. ಕೋರಸ್ ಮಾತ್ರ ಜಿ ಇಂದ ಎದ್ದು ಡಿ, ಎಫ್ ಶಾರ್ಪ್, ಬಿ ಮೈನರ್, ಜಿ, ಡಿ, ಇ ಮೈನರ್, ಎಫ್ ಶಾರ್ಪ್ ಎಂದು ಸಾಗುತ್ತದೆ. ಚರಣದ ಗುಂಗಿನಲ್ಲೇ ಇದ್ದು ಕೋರಸ್‌ಗೂ ಬಿ ಮೈನರ್ ಹೊಡೆದುಬಿಡುವುದು ನಾನು ಅತಿ ಹೆಚ್ಚು ಕೇಳಿರುವ ತಪ್ಪು. ಕೋರಸ್‌ನ ಮೊದಲ ಹೊಡೆತ ಜಿ ಎಂದು ಗೋಡೆಯ ಮೇಲೆ ಬರೆದಿಟ್ಟರೂ ಅಡ್ಡಿಯಿಲ್ಲ.

ಈಗ ಗಿಟಾರ್ ಕೈಗೆತ್ತಿಕೊಳ್ಳಿ. ಕಾರ್ಡ್ ಹಿಡಿಯಬೇಡಿ, ಒಂದೇ ಬೆರಳು ಸಾಕು. ಮೂರನೇ ತಂತಿಯ 4ನೇ ಫ್ರೆಟ್ ಒತ್ತಿ ಒಂದು ಬಾರ್ ಪೂರ್ತಿ ಮೀಟಿ. ಮುಂದಿನ ಬಾರ್‌ಗೆ 3ನೇ ಫ್ರೆಟ್, ಆಮೇಲೆ 2, ಆಮೇಲೆ 1, ಆಮೇಲೆ ತೆರೆದ ತಂತಿ. ಅಲ್ಲಿಂದ ನಾಲ್ಕನೇ ತಂತಿಗೆ ಇಳಿದು 4ನೇ ಫ್ರೆಟ್, 2ನೇ ಫ್ರೆಟ್, ಮತ್ತೆ 4. ನಿಮ್ಮ ಗೆಳೆಯ ಪಕ್ಕದಲ್ಲಿ ಎಂಟು ಕಾರ್ಡ್‌ಗಳನ್ನು ಮೆಲ್ಲಗೆ ಸ್ಟ್ರಮ್ ಮಾಡಲಿ. ಒಂದೇ ಬೆರಳಿನ ಆ ಇಳಿಜಾರು ಎಂಟೂ ಕಾರ್ಡ್‌ಗಳ ಹೊಟ್ಟೆಯೊಳಗೆ ಎಲ್ಲೂ ತಡವರಿಸದೆ ಹಾದುಹೋಗುತ್ತದೆ. ಬಿ, ಎ ಶಾರ್ಪ್, ಎ, ಜಿ ಶಾರ್ಪ್, ಜಿ, ಎಫ್ ಶಾರ್ಪ್ ಎಂದು ಅರ್ಧರ್ಧ ಸ್ವರ ಇಳಿದು, ಕೊನೆಗೆ ಇ ಮುಟ್ಟಿ ಎಫ್ ಶಾರ್ಪ್‌ಗೆ ಹತ್ತುತ್ತದೆ. ಹಾಡಿನ ಬೆನ್ನೆಲುಬು ಇದು. ಉಳಿದ ಗಿಟಾರ್‌ಗಳೆಲ್ಲ ಇದರ ಸುತ್ತಮುತ್ತ ಹೆಣೆದವು.

ನಮ್ಮ ಜಿಲ್ಲೆಯಲ್ಲಿ ಹಿಂದೂಸ್ತಾನಿ ಕಿವಿಗೆ ಬರವಿಲ್ಲ. ನಿಮ್ಮಲ್ಲಿ ಯಾರಾದರೂ ಚಿಕ್ಕಂದಿನಲ್ಲಿ ಹಾರ್ಮೋನಿಯಂ ಮುಂದೆ ಕೂತವರಿದ್ದರೆ ಇನ್ನೂ ಸುಲಭ. ಬಿ ಅನ್ನು ಷಡ್ಜ ಮಾಡಿಕೊಳ್ಳಿ. ಸ, ಶುದ್ಧ ನಿ, ಕೋಮಲ ನಿ, ಶುದ್ಧ ಧ, ಕೋಮಲ ಧ, ಪ, ಮ, ಪ. ಯಾವುದೇ ಒಂದು ರಾಗದ ಚೌಕಟ್ಟಿಗೆ ಒಗ್ಗದ ಇಳಿಕೆ ಇದು, ಆದರೂ ಹಾಡಲು ಕಷ್ಟವಿಲ್ಲ. ನಾಲ್ವರೂ ಕೂತು ತಾಳ ಹಾಕುತ್ತ ಸರಿಗಮದಲ್ಲಿ ಹಾಡಿ. ಬಾಸ್‌ನವನು, ಕಹೋನ್‌ನವನು ಕೂಡ. ಕಂಠಕ್ಕೆ ಇಳಿದದ್ದು ಬೆರಳಿಗೆ ಬೇಗ ಇಳಿಯುತ್ತದೆ. ಇನ್ನೊಂದು ಲಾಭವೂ ಇದೆ: ಎಷ್ಟನೇ ಬಾರ್‌ನಲ್ಲಿದ್ದೇವೆ ಎಂದು ಆಮೇಲೆ ಎಣಿಸುವ ಕೆಲಸವೇ ಇರುವುದಿಲ್ಲ. ಕೋಮಲ ಧೈವತ ಕೇಳಿತೆಂದರೆ ಐದನೇ ಬಾರ್.

ಇಷ್ಟಾದ ಮೇಲೆ ಪದರಗಳ ಕಡೆ ಬನ್ನಿ. ಒಂದು ದೊಡ್ಡ ಹಾಳೆ ತೆಗೆದುಕೊಂಡು ಅಡ್ಡಕ್ಕೆ ಹದಿನೈದು ಮನೆ ಹಾಕಿ, ಒಂದೊಂದು ಆವರ್ತನಕ್ಕೆ ಒಂದೊಂದು. ಉದ್ದಕ್ಕೆ ನಿಮಗೆ ಕೇಳಿಸಿದ ವಾದ್ಯಗಳು: ಅಕೌಸ್ಟಿಕ್, ಕತ್ತರಿಸಿದಂತೆ ಹೊಡೆಯುವ ರಿದಂ ಗಿಟಾರ್, ಹಾಡಿನ ಸಾಲುಗಳ ನಡುವೆ ಇಣುಕುವ ಗಿಟಾರ್, ಬಾಸ್, ಡ್ರಮ್ಸ್, ಕಂಠ. ಒಂದು ಸಲ ಹಾಡು ಕೇಳುವಾಗ ಒಂದೇ ವಾದ್ಯವನ್ನು ಹಿಂಬಾಲಿಸಿ. ಅದು ಯಾವ ಮನೆಯಲ್ಲಿ ನುಡಿಯುತ್ತದೆ ಎಂದು ಗುರುತು ಹಾಕುವುದಕ್ಕಿಂತ, ಯಾವ ಮನೆಯಲ್ಲಿ ಸುಮ್ಮನಿದೆ ಎಂಬುದನ್ನು ಕೆಂಪು ಶಾಯಿಯಲ್ಲಿ ಗುರುತು ಹಾಕಿ. ಈ ಹಾಡಿನ ಗುಟ್ಟೆಲ್ಲ ಆ ಕೆಂಪು ಮನೆಗಳಲ್ಲಿದೆ. ಯಕ್ಷಗಾನದ ಹಿಮ್ಮೇಳ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭಾಗವತರು ಕರುಣರಸದ ಪದ ಎತ್ತಿದಾಗ ಮದ್ದಲೆ ಜೊತೆಗಿರುತ್ತದೆ, ಚಂಡೆ ಕೈಕಟ್ಟಿ ಕೂತಿರುತ್ತದೆ. ಹಾಗೆ ಕೂತದ್ದರಿಂದಲೇ ಆಮೇಲೆ ಬಿದ್ದ ಚಂಡೆಯ ಪೆಟ್ಟಿಗೆ ರಂಗಸ್ಥಳ ಎದ್ದು ನಿಲ್ಲುತ್ತದೆ. ನಮ್ಮ ಹುಡುಗರ ಬ್ಯಾಂಡ್‌ಗಳಲ್ಲಿ ಮೊದಲ ಬಾರ್‌ನಿಂದ ಕೊನೆಯ ಬಾರ್‌ವರೆಗೆ ಎರಡೂ ಗಿಟಾರ್ ಆರೂ ತಂತಿ ಸ್ಟ್ರಮ್ ಮಾಡುತ್ತಲೇ ಇರುತ್ತವೆ. ಸೋಲೋ ಬಂದಾಗ ಇನ್ನು ಏರುವುದಕ್ಕೆ ಜಾಗವೇ ಉಳಿದಿರುವುದಿಲ್ಲ.

ಕೇಳುವುದಕ್ಕೆ ಒಳ್ಳೆಯ ಇಯರ್‌ಫೋನ್ ಸಾಕು. ಮೊಬೈಲ್‌ನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಎಂಬಲ್ಲಿ ಎಡ ಬಲ ಧ್ವನಿಯ ಸಮತೋಲನ ಬದಲಿಸುವ ಪಟ್ಟಿ ಇರುತ್ತದೆ. ಪೂರ್ತಿ ಎಡಕ್ಕೆ ತಳ್ಳಿ ಒಮ್ಮೆ, ಪೂರ್ತಿ ಬಲಕ್ಕೆ ತಳ್ಳಿ ಒಮ್ಮೆ ಕೇಳಿ. ಸ್ಟೀರಿಯೋ ಮಿಶ್ರಣದಲ್ಲಿ ಗಿಟಾರ್‌ಗಳನ್ನು ಬೇರೆ ಬೇರೆ ಬದಿಗೆ ಕೂರಿಸುವುದು ರೂಢಿ, ಹಾಗಾಗಿ ಒಟ್ಟಿಗೆ ಕೇಳುವಾಗ ಗಂಟು ಬಿದ್ದಿದ್ದ ಎಷ್ಟೋ ಸಂಗತಿ ಒಂದೇ ಕಿವಿಯಲ್ಲಿ ಬಿಡಿಸಿಕೊಳ್ಳುತ್ತದೆ. ಯೂಟ್ಯೂಬ್‌ನಲ್ಲಿ ವೇಗವನ್ನು 0.75ಕ್ಕೆ ಇಳಿಸಿದರೆ ಶ್ರುತಿ ಬದಲಾಗದೆ ಲಯ ಮಾತ್ರ ನಿಧಾನವಾಗುತ್ತದೆ. 0.5ರಲ್ಲಿ ಧ್ವನಿ ಒಡೆಯುತ್ತದೆ, ಅಷ್ಟು ಇಳಿಯಬೇಡಿ. ಹಾಡನ್ನು ಪದರ ಪದರವಾಗಿ ಬಿಡಿಸಿಕೊಡುತ್ತೇವೆ ಎನ್ನುವ ಆ್ಯಪ್‌ಗಳೂ ಈಗ ಬಂದಿವೆ. ಕಂಠ, ಬಾಸ್, ಡ್ರಮ್ಸ್ ಚೆನ್ನಾಗಿಯೇ ಬೇರೆಯಾಗುತ್ತವೆ. ಎರಡು ಗಿಟಾರ್‌ಗಳನ್ನು ಒಂದರಿಂದೊಂದು ಬೇರ್ಪಡಿಸುವ ಹೊತ್ತಿಗೆ ಮಾತ್ರ ಅವುಗಳಿಂದ ನಿಮ್ಮ ಕಿವಿಯೇ ವಾಸಿ. ಕಂಠ ತೆಗೆದು, ಬಾಸ್ ಉಳಿಸಿಕೊಂಡು ಅದರ ಜೊತೆ ಅಭ್ಯಾಸ ಮಾಡಲು ಬೇಕಾದರೆ ಬಳಸಿ.

ಹನ್ನೆರಡು ತಂತಿಯ ವಿಷಯ. ಶುರುವಿನ ಆ ಮಿಣುಮಿಣುಗುವ ನಾದ 12 ತಂತಿಯ ಗಿಟಾರ್‌ಗೆ 7ನೇ ಫ್ರೆಟ್ಟಿನಲ್ಲಿ ಕೇಪೊ (ಎಲ್ಲ ತಂತಿಗಳನ್ನೂ ಒಂದೇ ಫ್ರೆಟ್ಟಿನಲ್ಲಿ ಒತ್ತಿಹಿಡಿಯುವ ಕ್ಲಿಪ್) ಹಾಕಿದ್ದರಿಂದ ಬಂದದ್ದು. ಏಳನೇ ಫ್ರೆಟ್ಟೇ ಯಾಕೆ ಎಂಬುದಕ್ಕೆ ಕಥೆಯಿದೆ. ಈ ಸಂಗೀತ ಕಟ್ಟಿದವರು ತಂಡದ ಗಿಟಾರ್ ವಾದಕ ಡಾನ್ ಫೆಲ್ಡರ್. ಕ್ಯಾಲಿಫೋರ್ನಿಯಾದ ಮಾಲಿಬು ಕಡಲತೀರದ ಬಾಡಿಗೆ ಮನೆಯಲ್ಲಿ ಕೂತು ಇ ಮೈನರ್‌ನಲ್ಲಿ ಡೆಮೊ, ಅಂದರೆ ಮಾದರಿ ಧ್ವನಿಮುದ್ರಣ, ಮಾಡಿದ್ದರು. ಹಾಡಬೇಕಾದ ಡಾನ್ ಹೆನ್ಲಿಯ ಕಂಠಕ್ಕೆ ಆ ಶ್ರುತಿ ಕೂಡಿಬರಲಿಲ್ಲ, ಹುಡುಕುತ್ತ ಹೋಗಿ ಬಿ ಮೈನರ್‌ನಲ್ಲಿ ನಿಂತಿತು. ಇ ಇಂದ ಬಿ ಗೆ ಏಳು ಫ್ರೆಟ್. ಅದೇ ಇ ಮೈನರ್ ಹಿಡಿತ, ಕೇಪೊ ಮಾತ್ರ ಏಳಕ್ಕೆ. ಅಂದರೆ ಕೇಪೊ ಹಾಕಿದಾಗ ನಿಮ್ಮ ಕೈ ಹಿಡಿಯುವುದು ಇ ಮೈನರ್, ಬಿ, ಡಿ, ಎ, ಸಿ, ಜಿ, ಎ ಮೈನರ್, ಬಿ. ಎಲ್ಲ ಪರಿಚಿತ ಆಕಾರಗಳೇ. ನಿಮ್ಮ ಹಾಡುಗಾರನ ಕಂಠವೂ ಬಿ ಮೈನರ್‌ಗೆ ಏರದಿದ್ದರೆ ಹಟ ಬೇಡ. ಕೇಪೊ 5ಕ್ಕೆ ಇಳಿಸಿ, ಹಾಡು ಎ ಮೈನರ್ ಆಗುತ್ತದೆ, ಸೋಲೋವನ್ನೂ ಎರಡು ಫ್ರೆಟ್ ಕೆಳಗೆ ತನ್ನಿ. ಮೂಲ ತಂಡವೇ ಹಾಡುಗಾರನಿಗಾಗಿ ಶ್ರುತಿ ಬದಲಿಸಿತು, ನೀವು ಬದಲಿಸಿದರೆ ಅಪಚಾರವಲ್ಲ.

ಮಾಮೂಲಿ ಆರು ತಂತಿಯ ಸೆಮಿ ಅಕೌಸ್ಟಿಕ್‌ಗೂ 7ರಲ್ಲಿ ಕೇಪೊ ಹಾಕಿದರೆ ಮುಕ್ಕಾಲು ಕೆಲಸ ಆಗುತ್ತದೆ. ಕೇಪೊ ಹಾಕಿದ ಮೇಲೆ ಇನ್ನೊಮ್ಮೆ ಶ್ರುತಿ ನೋಡುವುದನ್ನು ಮರೆಯಬೇಡಿ. ಅಷ್ಟು ಮೇಲೆ ಒತ್ತಿದಾಗ ತಂತಿಗಳು ಸ್ವಲ್ಪ ಏರಿಬಿಡುತ್ತವೆ. ಇನ್ನಷ್ಟು ಹೊಳಪು ಬೇಕಿದ್ದರೆ 12 ತಂತಿಯ ಒಂದು ಸೆಟ್ ಕೊಳ್ಳಿ, ಗಿಟಾರ್‌ನ ಕೆಳಶ್ರುತಿಯ ನಾಲ್ಕು ತಂತಿಗಳ ಜಾಗಕ್ಕೆ ಅದರಲ್ಲಿನ ತೆಳು ಜೊತೆ ತಂತಿಗಳನ್ನು ಹಾಕಿ. ಅವು ಒಂದು ಸಪ್ತಕ ಮೇಲೆ ನುಡಿಯುತ್ತವೆ. ನ್ಯಾಶ್‌ವಿಲ್ ಟ್ಯೂನಿಂಗ್ ಎಂದು ಇದಕ್ಕೆ ಹೆಸರು. ಆದರೆ ಆ ಗಿಟಾರ್ ಆಮೇಲೆ ಸೋಲೋಗೆ ಒದಗುವುದಿಲ್ಲ, ಮೂರನೇ ಗಿಟಾರ್ ಎರವಲು ಸಿಕ್ಕಿದರೆ ಮಾತ್ರ ಈ ಸಾಹಸ. ಇಲ್ಲದಿದ್ದರೆ ಕೋರಸ್ ಪೆಡಲ್ (ಒಂದೇ ಗಿಟಾರ್ ಜೋಡಿಯಾಗಿ ಕೇಳಿಸುವಂತೆ ಮಾಡುವ ಉಪಕರಣ) ಇದ್ದರೆ ಸಣ್ಣಗೆ ತೆರೆದಿಡಿ, ಸಾಕು.

ನಿಮ್ಮ ನಿಜವಾದ ತೊಡಕು ಬೇರೆ ಕಡೆ ಇದೆ. ಶುರುವಿಗೆ ಕೇಪೊ ಹಾಕಿದ ಗಿಟಾರ್, ಕೊನೆಗೆ ಜೋಡಿ ಸೋಲೋಗೂ ಬೇಕು. ಈ ಕಷ್ಟ ಈಗಲ್ಸ್‌ಗೂ ಇತ್ತು. ಸ್ಟುಡಿಯೋದಲ್ಲಿ ಪದರದ ಮೇಲೆ ಪದರ ಹಾಕಿ ಮುಗಿಸಿದ್ದನ್ನು ವೇದಿಕೆಯ ಮೇಲೆ ಎರಡು ಕೈಯಲ್ಲಿ ತರುವುದು ಹೇಗೆ? ಫೆಲ್ಡರ್ ಎರಡು ಕುತ್ತಿಗೆಯ ಬಿಳಿ ಗಿಬ್ಸನ್ ಇಡಿಎಸ್ 1275 ಹಿಡಿದರು. ಮೇಲಿನ ಕುತ್ತಿಗೆಯಲ್ಲಿ 12 ತಂತಿ, ಅದಕ್ಕೆ ಕೇಪೊ. ಕೆಳಗಿನದರಲ್ಲಿ ಸೋಲೋಗೆ ಆರು ತಂತಿ. ನಿಮಗೆ ಅಂಥ ಗಿಟಾರ್ ಬೇಕಾಗಿಲ್ಲ, 26 ಸೆಕೆಂಡ್ ಬೇಕು. ಶುರುವಿನ ಎರಡು ಆವರ್ತನವನ್ನು ಸೆಮಿ ಅಕೌಸ್ಟಿಕ್‌ನವನು ಕೇಪೊ ಹಾಕಿ ನುಡಿಸಲಿ. ಮೊದಲ ಆವರ್ತನದಲ್ಲಿ ನೀವು ಗಿಟಾರ್ ಮುಟ್ಟಲೇಬೇಡಿ, ಎರಡನೆಯದರಲ್ಲಿ ಮೇಲೆ ಹೇಳಿದ ಇಳಿಜಾರಿನ ಸ್ವರಗಳನ್ನು ಒಂದೊಂದಾಗಿ, ಉದ್ದಕ್ಕೆ ಬಿಡಿ. ಚರಣ ಶುರುವಾದ ಕೂಡಲೇ ರಿದಂ ನಿಮ್ಮ ಕೈಗೆ ಬರಲಿ. ಅವನು ಆ ಒಂದು ಆವರ್ತನ ಪೂರ್ತಿ ಸುಮ್ಮನಿದ್ದು, ಕೇಪೊ ತೆಗೆದು, ಕ್ಲಿಪ್ ಟ್ಯೂನರ್ ನೋಡಿ ಶ್ರುತಿ ಸರಿಮಾಡಿಕೊಂಡು, ಚರಣದ ಎರಡನೇ ಆವರ್ತನಕ್ಕೆ ಸೇರಿಕೊಳ್ಳಲಿ. ಹಾಡುಗಾರನ ದನಿ ಬಂದ ಕ್ಷಣ ಎಲ್ಲರ ಕಿವಿ ಅವನ ಕಡೆ ತಿರುಗಿರುತ್ತದೆ, ಒಂದು ಗಿಟಾರ್ ಕಡಿಮೆಯಾದದ್ದು ಯಾರಿಗೂ ತಿಳಿಯುವುದಿಲ್ಲ.

ಚರಣದ ರಿದಂ ಬಗ್ಗೆ ಒಂದು ಮಾತು. ಈ ಹಾಡಿಗೆ ತಂಡದವರು ಮೊದಲು ಇಟ್ಟುಕೊಂಡಿದ್ದ ಅಡ್ಡಹೆಸರು ‘ಮೆಕ್ಸಿಕನ್ ರೆಗೆ’. ರೆಗೆ ಎಂಬುದು ಜಮೈಕಾದ ಸಂಗೀತ ಶೈಲಿ. ಅದರ ಹೊಡೆತ ಬೀಟಿನ ಮೇಲೆ ಬೀಳುವುದಿಲ್ಲ, ಎರಡು ಬೀಟುಗಳ ನಡುವೆ ಬಿದ್ದು ಕೂಡಲೇ ಅಡಗುತ್ತದೆ. ಹೊಡೆದ ಮರುಕ್ಷಣ ಎಡಗೈ ಬೆರಳು ಸಡಿಲಿಸಿ ನಾದ ನಿಲ್ಲಿಸಿ. ತೆಳುವಾದ ಮೂರ್ನಾಲ್ಕು ತಂತಿ ಸಾಕು, ದಪ್ಪ ತಂತಿಗಳು ಬಾಸ್‌ನವನ ಪಾಲು. ಇನ್ನೊಬ್ಬ ಹಾಡಿನ ಸಾಲು ನಡೆಯುವಾಗ ತೆಪ್ಪಗಿದ್ದು, ಸಾಲು ಮುಗಿದ ಕಂಡಿಯಲ್ಲಿ ನಾಲ್ಕಾರು ಸ್ವರ ನುಡಿಸಲಿ. ಕೋರಸ್‌ನಲ್ಲಿ ಮಾತ್ರ ಇಬ್ಬರೂ ಕೈಬಿಚ್ಚಿ ಸ್ಟ್ರಮ್ ಮಾಡಿ, ಒಬ್ಬರು ಮೊದಲ ಮೂರ್ನಾಲ್ಕು ಫ್ರೆಟ್ಟಿನಲ್ಲಿ, ಇನ್ನೊಬ್ಬರು ಮೇಲೆ 7ನೇ ಫ್ರೆಟ್ಟಿನ ಸುತ್ತ. ಇಬ್ಬರೂ ಒಂದೇ ಜಾಗದಲ್ಲಿ ಒಂದೇ ಆಕಾರ ಹಿಡಿದರೆ ಎರಡು ಗಿಟಾರ್ ಇದ್ದೂ ಒಂದೇ ಕೇಳುತ್ತದೆ.

ಸೋಲೋಗೆ ಬರೋಣ. ಇದನ್ನು ಹಾಡಿನ ಕೊನೆಯಲ್ಲಿ ಕಲಿಯಬೇಡಿ, ಮೊದಲಿಗೇ ಕಲಿಯಿರಿ. ದಿನದ ಅಭ್ಯಾಸ ಕೊನೆಯ ಎರಡು ಆವರ್ತನದಿಂದಲೇ ಶುರುವಾಗಲಿ, ಆಮೇಲೆ ಅದರ ಹಿಂದಿನದು, ಅದರ ಹಿಂದಿನದು. ಮುಂದಿನಿಂದ ಕಲಿತವರಿಗೆ ಶುರು ನೂರು ಸಲ ಆಗಿರುತ್ತದೆ, ಕೊನೆ ಹತ್ತು ಸಲವೂ ಆಗಿರುವುದಿಲ್ಲ. ಬೆರಳು ದಣಿದು, ಎದೆ ಹೊಡೆದುಕೊಳ್ಳುವ ಹೊತ್ತಿಗೆ ಬರುವುದು ಆ ಕೊನೆಯೇ ಅಲ್ಲವೇ ಮಾರಾಯ್ರೆ?

ಮೊದಲು ಫೆಲ್ಡರ್, ಆಮೇಲೆ ತಂಡದ ಇನ್ನೊಬ್ಬ ಗಿಟಾರ್ ವಾದಕ ಜೋ ವಾಲ್ಶ್, ಬಳಿಕ ಇಬ್ಬರೂ ಚಿಕ್ಕ ಚಿಕ್ಕ ತುಂಡು ಹಂಚಿಕೊಂಡು ಮಾತಿಗೆ ಮಾತು ಕೊಡುತ್ತಾರೆ, ಕೊನೆಗೆ ಜೊತೆಯಾಗುತ್ತಾರೆ. ಇದೆಲ್ಲ ಆ ಕ್ಷಣಕ್ಕೆ ತೋಚಿದ್ದು ಎಂದು ಅನೇಕರು ತಿಳಿದಿದ್ದಾರೆ. ಅಲ್ಲ. ಮಿಯಾಮಿಯ ಕ್ರೈಟೀರಿಯಾ ಸ್ಟುಡಿಯೋದಲ್ಲಿ ಫೆಲ್ಡರ್ ಹೊಸದಾಗಿ ನುಡಿಸಲು ಹೊರಟಾಗ ಹೆನ್ಲಿ ತಡೆದು, ಡೆಮೊದಲ್ಲಿ ಇದ್ದ ಹಾಗೇ ಬೇಕು ಎಂದರಂತೆ. ಕ್ಯಾಸೆಟ್ ಇದ್ದದ್ದು ದೇಶದ ಇನ್ನೊಂದು ತುದಿಯ ಮನೆಯಲ್ಲಿ. ಮನೆಗೆಲಸದಾಕೆಗೆ ಫೋನ್ ಮಾಡಿ, ಟೇಪ್ ರೆಕಾರ್ಡರ್‌ಗೆ ರಿಸೀವರ್ ಹಿಡಿಸಿ, ತನ್ನದೇ ಸೋಲೋವನ್ನು ಕೇಳಿ ಮತ್ತೆ ಕಲಿತದ್ದನ್ನು ಫೆಲ್ಡರ್ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಆ ಆಲ್ಬಮ್ 1976ರ ಡಿಸೆಂಬರ್‌ನಲ್ಲಿ ಬಂತು, ಹಾಡು ಸಿಂಗಲ್ ಆಗಿ 1977ರ ಫೆಬ್ರುವರಿಯಲ್ಲಿ. ಮಾಡಿದವರೇ ಒಂದೊಂದು ಸ್ವರಕ್ಕೂ ಅಷ್ಟು ಕಟ್ಟುನಿಟ್ಟಾಗಿದ್ದಾಗ ನಾವು ‘ಸುಮಾರಾಗಿ ಹಾಗೇ’ ನುಡಿಸಿದರೆ ಕೇಳುವವರಿಗೆ ಕೂಡಲೇ ತಿಳಿಯುತ್ತದೆ. ಈ ಸೋಲೋವನ್ನು ಬಾಯಲ್ಲಿ ಗುನುಗುವವರು ಸಭೆಯಲ್ಲಿ ಇದ್ದೇ ಇರುತ್ತಾರೆ.

ಸ್ವಂತ ಕಲಿಕೆಯವರು ಇಲ್ಲಿ ಒಂದೇ ಹಳ್ಳಕ್ಕೆ ಬೀಳುತ್ತಾರೆ: ಬಿ ಮೈನರ್ ಪೆಂಟಾಟಾನಿಕ್ ಎಂಬ ಐದು ಸ್ವರಗಳ ಸಾಲೊಂದನ್ನೇ ಐದೂ ಆವರ್ತನಕ್ಕೆ ಎಳೆಯುವುದು. ಅದರಲ್ಲಿ ಎ ಇದೆ. ಎಫ್ ಶಾರ್ಪ್ ಕಾರ್ಡ್ ಬಂದಾಗ ಅದರೊಳಗೆ ಎ ಶಾರ್ಪ್ ಇದೆ. ಎರಡೂ ಒಟ್ಟಿಗೆ ನಿಂತರೆ ಹಲ್ಲಿಗೆ ಮರಳು ಸಿಕ್ಕ ಹಾಗೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಎರಡನೇ ಮತ್ತು ಎಂಟನೇ ಬಾರ್‌ನಲ್ಲಿ ನಿಷಾದ ಶುದ್ಧ, ಮೂರನೇ ಬಾರ್‌ನಲ್ಲಿ ಕೋಮಲ. ಇ ಕಾರ್ಡಿನ ನಾಲ್ಕನೇ ಬಾರ್‌ನಲ್ಲಿ ಧೈವತ ಶುದ್ಧ, ಮರು ಬಾರ್‌ಗೇ ಕೋಮಲ. ಸರಿಗಮದಲ್ಲಿ ಹಾಡಿ ಎಂದು ಮೊದಲೇ ಹೇಳಿದ್ದು ಇದಕ್ಕೇ.

ಬೆಂಡ್ ಮಾಡುವಾಗಲೂ ಅಷ್ಟೇ. ತಂತಿ ಎಳೆಯುವ ಜೋರು ಬೆರಳಿಗಿರುತ್ತದೆ, ಎಲ್ಲಿಗೆ ತಲುಪಬೇಕೆಂಬ ಗುರಿ ಕಿವಿಗಿರುವುದಿಲ್ಲ. ಎರಡನೇ ತಂತಿಯ 11ನೇ ಫ್ರೆಟ್ಟಿನ ಎ ಶಾರ್ಪ್ ಮೀಟಿ ಚೆನ್ನಾಗಿ ಕೇಳಿಸಿಕೊಳ್ಳಿ. ಈಗ ಅದೇ ತಂತಿಯ 9ನೇ ಫ್ರೆಟ್ಟಿನ ಜಿ ಶಾರ್ಪ್ ಮೀಟಿ, ಮೂರು ಬೆರಳು ಕೂಡಿಸಿ, ಆ ಎ ಶಾರ್ಪ್ ಬರುವವರೆಗೆ ಎಳೆಯಿರಿ. ಹೆಚ್ಚಿನವರು ಕೂದಲೆಳೆಯಷ್ಟು ಕೆಳಗೇ ನಿಲ್ಲುತ್ತಾರೆ. ಮುಟ್ಟಿದ ಮೇಲೆ ಅಲ್ಲೇ ಅಲುಗಾಡದೆ ಎರಡು ಬೀಟ್ ನಿಲ್ಲಿ, ನಡುಕ ಆಮೇಲೆ.

ಕೊನೆಯ ಜೋಡಿ ಭಾಗದಲ್ಲಿ ಇಬ್ಬರೂ ನುಡಿಸುವುದು ಕಾರ್ಡ್‌ಗಳನ್ನೇ ಒಡೆದ ಸ್ವರಗಳನ್ನು. ಒಬ್ಬ ಕಾರ್ಡಿನ ಒಂದು ಸ್ವರದಲ್ಲಿದ್ದರೆ ಇನ್ನೊಬ್ಬ ಅದರ ಪಕ್ಕದ ಸ್ವರದಲ್ಲಿ. ವೇಗಕ್ಕೆ ಕೈ ಹಾಕುವ ಮುಂಚೆ ಈ ಅಸ್ಥಿಪಂಜರ ಕಲಿಯಿರಿ. ಇದು ರೆಕಾರ್ಡಿನ ನಕಲಲ್ಲ, ಅಭ್ಯಾಸಕ್ಕೆಂದು ನಾನು ಹಾಕಿಕೊಡುತ್ತಿರುವುದು. ಒಂದು ಬಾರ್‌ಗೆ ಒಂದೇ ಸ್ವರ. ಒಬ್ಬರು: ಎಫ್ ಶಾರ್ಪ್, ಎಫ್ ಶಾರ್ಪ್, ಇ, ಇ, ಡಿ, ಡಿ, ಬಿ, ಎ ಶಾರ್ಪ್. ಅವರ ಕೆಳಗೆ ಇನ್ನೊಬ್ಬರು: ಡಿ, ಸಿ ಶಾರ್ಪ್, ಸಿ ಶಾರ್ಪ್, ಬಿ, ಬಿ, ಎ, ಜಿ, ಎಫ್ ಶಾರ್ಪ್. ನುಡಿಸಿ ನೋಡಿ, ಒಬ್ಬರು ನಿಂತಾಗ ಇನ್ನೊಬ್ಬರು ಇಳಿಯುತ್ತಾರೆ. ಆರನೇ ಬಾರ್‌ವರೆಗೆ ಇಬ್ಬರ ನಡುವಿನ ಅಂತರ ಒಂದು ಬಾರ್‌ನಲ್ಲಿ ಕಿರಿದು, ಮರು ಬಾರ್‌ನಲ್ಲಿ ಹಿರಿದು. ಹಾಗಾಗಿ ಎರಡನೇ ಭಾಗವನ್ನು ಮೊದಲನೆಯದರಿಂದ ಇಷ್ಟೇ ಫ್ರೆಟ್ ದೂರ ಎಂದು ಲೆಕ್ಕ ಹಾಕಿ ನುಡಿಸಲು ಬರುವುದಿಲ್ಲ. ಇದು ಇಬ್ಬರಿಗೂ ಗಟ್ಟಿಯಾದ ಮೇಲೆ ಒಂದೊಂದು ಸ್ವರದ ಕೆಳಗೆ ಕಾರ್ಡಿನ ಉಳಿದ ಸ್ವರಗಳನ್ನು ಸೇರಿಸಿ ಒಡೆಯಿರಿ, ಆಗ ಟ್ಯಾಬ್ ಹಾಳೆ ಕಪಾಟಿನಿಂದ ಹೊರಗೆ ಬರಲಿ. ಮೆಟ್ರೋನೋಮ್ 50ರಿಂದ ಶುರುಮಾಡಿ. ಒಬ್ಬರ ಭಾಗವನ್ನು ಇನ್ನೊಬ್ಬರೂ ಕಲಿತು ಅದಲುಬದಲು ಮಾಡಿ ನುಡಿಸುವುದು ಒಳ್ಳೆಯದು. ಎದುರಿನವನ ಸ್ವರ ಕೇಳಿದರೆ ತನ್ನದು ಮರೆಯುವ ರೋಗಕ್ಕೆ ಬೇರೆ ಮದ್ದಿಲ್ಲ.

ಅದೂ ಆಗದಿದ್ದರೆ ನಿಮ್ಮ ಊರಿನಲ್ಲೇ ಗುರುಗಳಿದ್ದಾರೆ. ಇಗರ್ಜಿಯ ಕ್ವಾಯರ್‌ನಲ್ಲಿ ಆಲ್ಟೋ ಅಥವಾ ಟೆನರ್ ಹಾಡುವವರನ್ನು ಹಿಡಿಯಿರಿ. ಪಕ್ಕದಲ್ಲಿ ಮುಖ್ಯ ರಾಗ ಜೋರಾಗಿ ಕೇಳುತ್ತಿದ್ದರೂ ತಮ್ಮ ಸಾಲು ಬಿಡದೆ ಹಾಡುವುದು ಅವರಿಗೆ ಪ್ರತಿ ಭಾನುವಾರದ ಕೆಲಸ. ಮೇಲಿನ ಎರಡು ಸಾಲನ್ನು ಅವರ ಜೊತೆ ಒಂದು ಸಂಜೆ ಹಾಡಿದರೆ ಟ್ಯಾಬ್‌ನಿಂದ ಒಂದು ತಿಂಗಳಲ್ಲಿ ಬರದ್ದು ಬರುತ್ತದೆ.

ಇಬ್ಬರೂ ಸೋಲೋಗೆ ಇಳಿದರೆ ಕಾರ್ಡ್ ಹೊಡೆಯುವವರು ಯಾರು ಎಂದು ನೀವು ಕೇಳಿಲ್ಲ, ಕೇಳಬೇಕಿತ್ತು. ಸರದಿಯ ಮೇಲೆ ನುಡಿಸುವಾಗ ಸುಮ್ಮನಿರುವವನು ರಿದಂ ಹೊಡೆಯಲಿ. ಕೊನೆಯ ಜೋಡಿಯಲ್ಲಿ ಯಾರೂ ಬೇಡ, ನಿಮ್ಮಿಬ್ಬರ ಸ್ವರಗಳಲ್ಲೇ ಕಾರ್ಡ್ ಅಡಗಿದೆ. ಬಾಸ್‌ನವನು ಮಾತ್ರ ಪ್ರತಿ ಬಾರ್‌ನ ಮೊದಲ ಬೀಟಿಗೆ ಕಾರ್ಡಿನ ಮೂಲಸ್ವರವನ್ನು ತಪ್ಪದೆ ಇಡಬೇಕು, ಅಲ್ಲಿ ಅವನು ಶೋಕಿ ಮಾಡಲು ಹೋದರೆ ಹಾಡು ಕುಸಿಯುತ್ತದೆ.

ದಾರಿ ತಪ್ಪಿದಾಗ ಏನು ಮಾಡಬೇಕೆಂಬುದನ್ನೂ ಅಭ್ಯಾಸ ಮಾಡಿಟ್ಟುಕೊಳ್ಳಿ. ಚರಣ, ಕೋರಸ್, ಸೋಲೋ ಎಲ್ಲ ಆವರ್ತನವೂ ಮುಗಿಯುವುದು ಎಫ್ ಶಾರ್ಪ್‌ನಲ್ಲಿ. ಚರಣದಲ್ಲಿ ಎಫ್ ಶಾರ್ಪ್ ಎರಡು ಸಲ ಬರುತ್ತದೆ, ಆದರೆ ಇ ಮೈನರ್ ಆದ ಮೇಲೆ ಬರುವುದು ಎಂಟನೇ ಬಾರ್‌ನದು ಮಾತ್ರ. ಕೈ ತಪ್ಪಿತೇ, ನಿಲ್ಲಿಸಿ. ಬಾಸ್‌ನಲ್ಲಿ ಇ ಆಗಿ ಎಫ್ ಶಾರ್ಪ್ ಹತ್ತುವುದನ್ನು ಕಾಯಿರಿ, ಮುಂದಿನ ಬೀಟಿಗೆ ಒಳಗೆ ಬನ್ನಿ. ಮನೆಯಲ್ಲಿ ಬೇಕೆಂದೇ ಒಬ್ಬರನ್ನು ನಡುವೆ ತಡೆದು ನಿಲ್ಲಿಸಿ, ಮತ್ತೆ ಸೇರಿಕೊಳ್ಳುವ ಆಟ ಆಡಿ.

ನಿಮ್ಮ ಕಡಲ ಗಾಳಿಯ ಬಗ್ಗೆ ಎರಡು ಮಾತು, ಇದು ಸಂಗೀತದಷ್ಟೇ ಮುಖ್ಯ. ಘಟ್ಟದ ಮೇಲೆ ಶಿರಸಿಯಲ್ಲಿ ಮಳೆಗಾಲದಲ್ಲಿ ಗಿಟಾರ್‌ಗೆ ಬೂಷ್ಟು ಬರುತ್ತದೆ, ಕೆಳಗೆ ನಿಮ್ಮಲ್ಲಿ ಉಪ್ಪುಗಾಳಿಗೆ ತಂತಿ ತುಕ್ಕು ಹಿಡಿಯುತ್ತದೆ. ತುಕ್ಕಿನ ತಂತಿಯಲ್ಲಿ ಬೆಂಡ್ ಜಾರುವುದಿಲ್ಲ, ಶ್ರುತಿಯೂ ನಿಲ್ಲುವುದಿಲ್ಲ. ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಿಂದ ತಂತಿಯ ಮೇಲೂ ಅಡಿಯೂ ಒರೆಸಿ, ಗೋಡೆಗೆ ನೇತುಹಾಕದೆ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಲೇಪ ಇರುವ ತಂತಿ ದುಬಾರಿ, ಆದರೆ ಕರಾವಳಿಯಲ್ಲಿ ಅದೇ ಕೊನೆಗೆ ಅಗ್ಗ. ಕಾರ್ಯಕ್ರಮದ ಹಿಂದಿನ ರಾತ್ರಿ ಹೊಸ ತಂತಿ ಹಾಕಬೇಡಿ, ಎ ಶಾರ್ಪ್‌ಗೆ ಎಳೆದದ್ದು ಎಲ್ಲಿಗೋ ಹೋಗುತ್ತದೆ. ಮೂರ್ನಾಲ್ಕು ದಿನ ಮುಂಚೆ ಹಾಕಿ, ಎಳೆದೆಳೆದು ಪಳಗಿಸಿ. ವೇದಿಕೆ ಕಡಲತೀರದಲ್ಲಾದರೆ ಗಾಳಿ ತೀಕ್ಷ್ಣ ಸ್ವರಗಳನ್ನು ಹೊತ್ತೊಯ್ಯುತ್ತದೆ ಎಂದು ಸೌಂಡ್‌ನವರಿಗೆ ಮೊದಲೇ ಹೇಳಿ, ಶುರುವಿನ ಅಕೌಸ್ಟಿಕ್‌ಗೆ ಬೇರೆಯೇ ಮಟ್ಟ ಇಡಿಸಿ.

ಉಳಿದದ್ದು ಮುಕ್ತಾಯ. ರೆಕಾರ್ಡಿನಲ್ಲಿ ಹಾಡು ಮುಗಿಯುವುದೇ ಇಲ್ಲ, ಜೋಡಿ ಗಿಟಾರ್ ನುಡಿಯುತ್ತಿರುವಾಗಲೇ ಧ್ವನಿ ಇಳಿಸಿಬಿಟ್ಟಿದ್ದಾರೆ. ವೇದಿಕೆಯಲ್ಲಿ ಹಾಗೆ ಮಾಡಲು ಬರುವುದಿಲ್ಲ. ಜೋಡಿ ಭಾಗವನ್ನು ಎರಡೇ ಆವರ್ತನ ಎಂದು ನಿಗದಿಮಾಡಿ. ಎರಡನೆಯದರ ಎಂಟನೇ ಬಾರ್‌ನಲ್ಲಿ ಒಡೆಯುವುದನ್ನು ಬಿಟ್ಟು ಇಬ್ಬರೂ ಎಫ್ ಶಾರ್ಪ್ ಕಾರ್ಡನ್ನು ಉದ್ದಕ್ಕೆ ಹಿಡಿಯಿರಿ, ನಾಲ್ವರೂ ಒಟ್ಟಿಗೆ ಬಿ ಮೈನರ್ ಮೇಲೆ ಬೀಳಿ. ಅದಕ್ಕೆ ಸನ್ನೆ ಕೊಡುವ ಕೆಲಸ ಬಾಸ್‌ನವನಿಗೆ ವಹಿಸಿ. ಆ ಹೊತ್ತಿಗೆ ತಲೆಯೆತ್ತಿ ನೋಡುವಷ್ಟು ಬಿಡುವು ಇರುವುದು ಅವನೊಬ್ಬನಿಗೇ.